ಒಣಗಿಸಬಾರದ ದೋಣಿ

ಹ್ವಾದ ವಾರ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊಂಟಿದ್ದೆ. ಸಂತೆಕಲ್ಲೂರು ಹತ್ರ ರಸ್ತೆಕ್ಕ ಡಾಂಬರು ಹಾಕಾಕತ್ತಿದ್ರು, ಬಸ್ಸು ನಿಂತುಬಿಡ್ತು. ಕಿಡಕಿ ಸರಿಸಿದ್ದೇ ತಡ, ಕಾದ ಡಾಂಬರಿನ ವಾಸನಿ ಗಪ್ಪಂತ ಮೂಗಿಗೆ ಬಡೀತು. ಬಾಜೂಕ ಕೂತಿದ್ದಾಕಿ ಸೆರಗು ಮೂಗಿಗೆ ಹಿಡಕೊಂಡು, "ಏನ್ ಕೆಟ್ಟ ವಾಸನಿರೀ ಯವ್ವಾ" ಅಂದ್ಲು. ನಾ ಹೂಂ ಅಂದೆ. ಆಕಿಗೆ ಅದು ರಸ್ತೆ ವಾಸನಿ. ನನಗ ದೋಣಿ ವಾಸನಿ. ಅದು ಬಂತಂದ್ರ ಈಗ್ಲೂ ನನ್ನ ಎದಿ ಡವಡವ ಅಂತೈತಿ, ಹಿಂದೇ ನಾಚಿಕಿ ಬರತೈತಿ. ಎರಡೂ ಯಾಕಂತ ಹೇಳಬೇಕಂದ್ರ ಆ ಒಂದು ವರ್ಷದ ಮಾತು ಹೇಳಬೇಕು.

ನಾ ಗಣಿತದ ಟೀಚರು. ಆಗ ನನ್ನ ಕೆಲಸ ಲಿಂಗಸುಗೂರು ತಾಲೂಕಿನ್ಯಾಗ, ಕೃಷ್ಣಾ ಹೊಳಿ ದಂಡಿ ಮ್ಯಾಲಿನ ಒಂದು ಹೈಸ್ಕೂಲಿನ್ಯಾಗ. ಸಾಲಿ ಬಾಗಲದಾಗ ನಿಂತ್ರ ಹೊಳಿ ಕಾಣತಿತ್ತು, ಹೊಳಿ ನಡುವ ಗಡ್ಡಿ. ಗಡ್ಡಿ ಅಂದ್ರ ಸುತ್ತ ನೀರು, ನಡುವ ಒಂದೀಟು ನೆಲ. ಹತ್ತು ಹನ್ನೆರಡು ಮನಿ, ಹೊಲ, ಆಡು. ಬ್ಯಾಸಗ್ಯಾಗ ಅಲ್ಲಿಯವರು ಕಲ್ಲು ತುಳಕೊಂತ ನಡಕೊಂಡೇ ಬರತಿದ್ರು. ಮಳಿಗಾಲದಾಗ ಹರಗೋಲು. ಮ್ಯಾಲಿನ ಡ್ಯಾಮಿನ್ಯಾಗ ಗೇಟು ಎತ್ತಿದ್ರಂದ್ರ ಹರಗೋಲೂ ಬಂದ್, ಗಡ್ಡಿಯವರ ಪಾಡು ಗಡ್ಡಿಯವರಿಗೆ.

ಆ ಗಡ್ಡಿಯ ಅಮರಪ್ಪ ಮೀನ ಹಿಡಿಯಾಂವ. ಅವನ ಮಗಳು ರೇಣುಕಾ ನನ್ನ ಹತ್ತನೇತ್ತಿಯ ಹುಡುಗಿ. ಎಲ್ಲಾ ವಿಷಯದಾಗ ಪಾಸು, ಗಣಿತದಾಗ ಫೇಲು. ನನ್ನ ಕೈಯಾಗಿನ ಹುಡುಗಿ ನನ್ನ ವಿಷಯದಾಗೇ ಫೇಲಾದ್ರ ಮೈ ಉರಿಯಂಗಿಲ್ಲೇನು? ಎರಡನೇ ಪರೀಕ್ಷೆ ಜೂನಿನ್ಯಾಗ ಬಂತು. ಆಗ ಆಕಿಗೆ ಸುಡುಸುಡು ಜ್ವರ, ಕೂಡಾಕೂ ಆಗಲಿಲ್ಲ. ಉಳಿದಿದ್ದು ಅಗಸ್ಟಿನ ಮೂರನೇ ಪರೀಕ್ಷೆ ಒಂದೇ. ಆಕಿ ಅವ್ವ ಹುಲಿಗೆವ್ವ ನನ್ನ ಮುಂದೇ ಖಡಕ್ಕಾಗಿ ಹೇಳಿದ್ಲು: "ಅಕ್ಕೋರ, ಈ ಸಲ ಪಾಸಾದ್ರ ಕಾಲೇಜಿಗೆ ಹಾಕತೀನಿ. ಇಲ್ಲಾಂದ್ರ ಅವರಪ್ಪನ ಹಿಂದ ಬೆಂಗಳೂರಿಗೆ ಗುಳೆ ಹೋಗಿ ಬುಟ್ಟಿ ಹೊರಲಿ. ಮನ್ಯಾಗ ಕೂಡಿಸಿಕೊಂಡು ನಾ ಏನ್ ಮಾಡ್ಲಿ?" ಅಮರಪ್ಪ ಆಗಲೇ ಬಿಲ್ಡಿಂಗ್ ಕೆಲಸಕ್ಕ ಹೋಗಿದ್ದ, ಆ ವರ್ಷ ಮಳಿ ಬಿದ್ರೂ ತಿರುಗಿ ಬಂದಿರಲಿಲ್ಲ.

ಇನ್ನ ದೋಣಿ. ನಮ್ಮ ಕಡಿ ನೀರಂದ್ರ ಹರಗೋಲು: ಬಿದಿರು ಹೆಣೆದು, ಹಿಂದಕ ಚರ್ಮ, ಈಗ ಪ್ಲಾಸ್ಟಿಕ್ ಹಾಳಿ ಹೊದಿಸಿ ಡಾಂಬರು ಬಳಿದ ದುಂಡನೆಯ ಬುಟ್ಟಿ. ಅಮರಪ್ಪನ ಹತ್ರ ಮಾತ್ರ ಕಟ್ಟಿಗಿ ದೋಣಿ ಇತ್ತು. ಉದ್ದಕ, ಎರಡೂ ತುದಿ ಚೂಪು, ಹೊಟ್ಟಿ ಅಗಲ. ಸಿಂಧನೂರು ಕಡಿ ಬಂಗಾಲಿ ಕ್ಯಾಂಪಿನ್ಯಾಗ ನಿತಾಯಿ ಅನ್ನೋ ಮುದುಕ ಅದಾನ, ಅವನ ಕೈಲೆ ಮಾಡಿಸಿ ಟ್ರ್ಯಾಕ್ಟರಿನ್ಯಾಗ ಹೇರಿಕೊಂಡು ಬಂದಿದ್ದ.

ಮೇ ತಿಂಗಳದಾಗ ಫೇಲಾದ ಹುಡುಗರಿಗೆ ನಾ ಕ್ಲಾಸು ತಗೊಳ್ಳತಿದ್ದೆ. ಒಂದಿನ ಸಾಲಿ ಹಿಂದಿನ ಹಳ್ಳದ ಮಡುವಿನ್ಯಾಗ ನೋಡತೀನಿ, ಅಮರಪ್ಪನ ದೋಣಿ ನೀರಾಗ ಮುಳುಗಿ ಕೂತೈತಿ! ಒಳಗ ಇಷ್ಟಿಷ್ಟು ದಪ್ಪನ ಕಲ್ಲು. ನನ್ನ ಜೀವ ಚುರ್ ಅಂತು. ನಾ ದಢೇಸುಗೂರು ಕಡಿ ಅಂಬಿಗರ ಮನ್ಯಾಗ ಹುಟ್ಟಿದಾಕಿ. ನಮ್ಮಪ್ಪ ತುಂಗಭದ್ರಾದಾಗ ಹರಗೋಲು ಹಾಕಾಂವ. ಸಂಜಿಕ ಹರಗೋಲು ಮ್ಯಾಲೆತ್ತಿ ಬೋರಲು ಹಾಕಿ ಒಣಗಿಸಲಿಲ್ಲಂದ್ರ ಅವನ ಬಾಯಿಂದ ಬರೋ ಬೈಗಳ ಇಲ್ಲಿ ಬರಿಯೋ ಹಂಗಿಲ್ಲ. ನೀರಾಗ ಬಿಟ್ಟ ಹರಗೋಲು ಹದಿನೈದು ದಿನದಾಗ ಕೊಳತುಹೋಗತೈತಿ. ನನಗ ಗೊತ್ತಿದ್ದ ಲೋಕ ಅಷ್ಟೇ.

"ಎಂಥಾ ಬೇಖಬರ ಮನಷ್ಯಾರೋ! ಬರ್ರಿ, ಎಲ್ಲಾರೂ ಹಗ್ಗ ಹಿಡೀರಿ" ಅಂದೆ. ರೇಣುಕಾ ಮುಂದ ಬಂದು, "ಅಕ್ಕೋರ, ಅಪ್ಪಾನೇ ಮುಳುಗಿಸಿ ಹೋಗ್ಯಾನ್ರಿ. ದೋಣಿ ಮಾಡಿದ ಅಜ್ಜ ಹಂಗ ಹೇಳ್ಯಾನಂತ" ಅಂದ್ಲು. ನಾ ನಕ್ಕೆ. "ಸುಮ್ಮಕಿರಬೇ, ಅಂಬಿಗರಾಕಿಗೆ ನೀರಿನ ಮಾತು ಹೇಳಾಕ ಬಂದಾಳ. ಹಿಡಿ ಹಗ್ಗ" ಅಂದೆ. ಪಾಪ, ಎಲ್ಲಾರಕಿಂತ ಮುಂದ ನಿಂತು ಜಗ್ಗಿದಾಕಿ ಆಕಿನೇ. ಕಲ್ಲು ತಗದು, ದೋಣಿ ಎಳದು, ಮೂರು ಗುಂಡಿನ ಮ್ಯಾಲ ಬೋರಲು ಹಾಕಿಸಿದೆ. ಮೇ ತಿಂಗಳ ರಾಯಚೂರು ಸೀಮಿ ಬಿಸಲು, ಅದರ ಬಗ್ಗೆ ಯಾರಿಗೂ ಹೇಳಬೇಕಾಗಿಲ್ಲ. ನಾ ಒಂದು ಪುಣ್ಯದ ಕೆಲಸ ಮಾಡಿದೆ ಅಂತ ಕೈ ಝಾಡಿಸಿಕೊಂಡು ಹೋಗಿ ಭಿನ್ನರಾಶಿ ಕಲಿಸಿದೆ.

ಜುಲೈ ಮುಗಿಯೋ ಹೊತ್ತಿಗೆ ಮ್ಯಾಲ ಮಳಿ ಜೋರಾತು. ಪರೀಕ್ಷೆ ಶುಕ್ರವಾರ, ಲಿಂಗಸುಗೂರಿನ್ಯಾಗ. ಸೋಮವಾರ ಸಂಜಿಕ ರೇಣುಕಾ ಈ ಕಡಿ ಬಂದು ನನ್ನ ರೂಮಿನ್ಯಾಗ ಇರಬೇಕು ಅಂತ ಮಾತಾಗಿತ್ತು. ಹಾಲ್ ಟಿಕೆಟ್ ನನ್ನ ಕಡಿನೇ ಇತ್ತು. ಸೋಮವಾರ ಮಧ್ಯಾಹ್ನಕ್ಕೇ ಗೇಟು ಎತ್ತಿದ್ರು. ನೋಡ್ ನೋಡತಿದ್ದಂಗ ಹೊಳಿ ಕೆಂಪಾತು, ಕಲ್ಲೆಲ್ಲಾ ಮುಳುಗಿದವು. ರೇಣುಕಾ ಫೋನ್ ಮಾಡಿದ್ಲು: "ಅಕ್ಕೋರ, ದಂಡಿಗೆ ಬಂದು ನಿಂತೀನ್ರಿ. ಹ್ಯಾಂಗ ಬರ್ಲಿ?" ಆ ದಂಡಿ ಮ್ಯಾಲ ಆಕಿ ಒಂದು ಚುಕ್ಕಿ ಆಗಿ ಕಾಣಾಕತ್ತಿದ್ಲು.

ಊರಿನ ಹರಗೋಲಿನವ್ರು ಕೈ ಆಡಿಸಿಬಿಟ್ರು. ಹರಗೋಲಿಗೆ ಮೂಗಿಲ್ಲ, ಸೆಳವಿಗೆ ಬಿದ್ರ ಬುಗುರಿ ಆಗತೈತಿ, ಎಲ್ಲಿ ಒಯ್ದು ಒಗಿತೈತೋ ಅಂದ್ರು. ಅವರ ಮಾತು ಖರೇ ಇತ್ತು. ರಬ್ಬರ್ ಬೋಟಿನವರು ಇನ್ನೂ ತ್ರಾಸಿದ್ದ ಗಡ್ಡಿಗಳಿಗೆ ಹೋಗಿದ್ರು. ಜೀವಕ್ಕ ಅಪಾಯ ಇರಲಾರದಲ್ಲಿಗೆ, ಒಂದು ಗಣಿತದ ಪೇಪರಿಗಾಗಿ ಯಾರು ಬರತಾರ? ಆಗ ನನಗ ದೋಣಿ ನೆಪ್ಪಾತು. ಎಂಟು ಮಂದಿ ಸೇರಿ ಎತ್ತಿ ಹಳ್ಳದ ನೀರಿಗೆ ಬಿಟ್ವಿ. ದೇವರೇ! ಜರಡಿ. ಹಲಗಿ ಹಲಗಿ ನಡುವಿನಿಂದ ನೀರು ಚಿಮ್ಮಿ ಬಂದು, ಚಾ ಕುಡಿಯೋದರಾಗ ದೋಣಿ ತುಂಬಿ ತಳ ಮುಟ್ಟಿತು. ನಾ ಅಲ್ಲೇ ಕೆಸರಾಗ ಕೂತೆ. ನನಗ ಆಗಲೇ ಅರ್ಧ ತಿಳೀತು, ಪೂರಾ ತಿಳಕೊಳ್ಳಾಕ ಧೈರ್ಯ ಆಗಲಿಲ್ಲ.

ಯಾರ್ಯಾರನ್ನೋ ಕೇಳಿ ನಿತಾಯಿ ನಂಬರು ಹುಡುಕಿ ಫೋನ್ ಹಚ್ಚಿದೆ. "ನೀರು ಎಲ್ಲಿಂದ ಬರಾಕತ್ತೈತಿ?" ಅಂದ. "ಎಲ್ಲಾ ಕಡಿಯಿಂದ" ಅಂದೆ. "ಅದನ್ನ ಅಲ್ಲೇ ಮುಳುಗಿಸಿ ಇಡ್ರಿ. ಯಾರೂ ಮೊಳಿ ಹೊಡಿಬ್ಯಾಡ್ರಿ, ಅರವಿ ತುರುಕಬ್ಯಾಡ್ರಿ. ನಾ ಬರತೀನಿ" ಅಂದ.

ಮಂಗಳವಾರ ಮುಂಜಾನೆ ಸಿಂಧನೂರು ಬಿಟ್ಟು, ಮಸ್ಕಿಯೊಳಗ ಬಸ್ಸು ಬದಲಿ ಮಾಡಿ, ಮಧ್ಯಾಹ್ನಕ್ಕ ಬಂದಿಳಿದ. ಎಪ್ಪತ್ತು ದಾಟಿದ ಸಣಕಲು ದೇಹ, ಮಡಚಿ ಉಟ್ಟ ಲುಂಗಿ, ಕೈಯಾಗ ಒಂದು ಚೀಲ. ಚೀಲದಾಗ ಉಳಿ, ಸುತ್ತಿಗಿ, ಸೆಣಬಿನ ನಾರು, ಡಬ್ಬಿ ಡಾಂಬರು. ನೀರಿಗಿಳಿದು ದೋಣಿ ಮೈ ತಡವಿದ. ಹಲಗಿಗೆ ಹಲಗಿ ಜೋಡಿಸಿದ ಕಬ್ಬಿಣದ ಚಪ್ಪಟ ಕೊಂಡಿಗಳನ್ನ ಒಂದೊಂದಾಗಿ ಬೆರಳಲೆ ಮುಟ್ಟಿದ. ನಮ್ಮ ಊರಿನ ಬಡಿಗ್ಯಾ ಸಂದಿಗೆಲ್ಲಾ ಹಗ್ಗ ಬಡದು ತುಂಬೋಣ ಅಂದ. ನಿತಾಯಿ ತಲಿ ಅಲ್ಲಾಡಿಸಿದ: "ಈಗ ಬಿಗಿ ತುಂಬಿದ್ರ ನಾಳೆ ಕಟ್ಟಿಗಿ ಉಬ್ಬಿದಾಗ ಕೊಂಡಿ ಕಿತ್ತು ಬರತಾವ. ಇದು ಒಣಗೈತಿ ಅಷ್ಟೇ. ನೀರು ಕುಡೀಲಿ. ಕುಡದ್ರ ಸಂದಿ ತಾನೇ ಕೂಡತೈತಿ."

"ಎಷ್ಟು ದಿನ ಬೇಕು?" ಅಂದೆ.

"ಇನ್ನ ಮೂರು ದಿನ ಕೊಟ್ರ ಚಲೋ."

"ಶುಕ್ರವಾರ ಮುಂಜಾನೆ ಹತ್ತಕ್ಕ ಪರೀಕ್ಷೆ."

ಬೆರಳು ಎಣಿಸಿದ. "ಪೂರಾ ಮೂರಾಗಂಗಿಲ್ಲ" ಅಂದ. ಆಮ್ಯಾಲ ನನ್ನ ಕಡಿ ತಿರುಗಿ ಕೇಳಿದ: "ದಿದಿಮೊಣಿ, ಇದನ್ನ ಬಿಸಲಿಗೆ ಹಾಕಿದವ್ರು ಯಾರು?" ದಿದಿಮೊಣಿ ಅಂದ್ರ ಅವರ ಭಾಷಾದಾಗ ಟೀಚರಮ್ಮ.

ಸುತ್ತ ಊರ ಮಂದಿ ನಿಂತಿದ್ರು. ನನ್ನ ಹುಡುಗರು ನಾಕು ಮಂದಿ ನಿಂತಿದ್ರು, ಹಗ್ಗ ಜಗ್ಗಿದವ್ರೇ. ನಾ ಏನಂದೆ ಗೊತ್ತೇನು? "ಅಮರಪ್ಪ ಗುಳೆ ಹೋಗೂ ಮುಂದ ಎತ್ತಿಟ್ಟಿರಬೇಕು" ಅಂದೆ. ಊರಾಗ ಇರಲಾರದವನ ಹೆಸರು ಎಷ್ಟು ಸರಳ ಬಾಯಿಗೆ ಬಂತು! ಹುಡುಗರು ನೆಲ ನೋಡಿದ್ರು. ಅಕ್ಕೋರ ಮಾತಿಗೆ ಎದುರಾಡಬಾರದಂತ ಕಲಿಸಿದಾಕಿನೂ ನಾನೇ ಅಲ್ಲೇನು.

ನಿತಾಯಿ ಮಾರಿ ಸಣ್ಣದಾತು. "ಅಮರ ನನಗ ಮಾತು ಕೊಟ್ಟಿದ್ದ. ದೋಣಿ ತಲಿ ಮ್ಯಾಲ ಕೈ ಇಟ್ಟು ಕೊಟ್ಟಿದ್ದ. ನಾ ಯಾರಿಗೂ ಹಂಗೇ ಕೊಡಂಗಿಲ್ಲ. ಬ್ಯಾಸಗ್ಯಾಗ ಬಿಸಲು ತೋರಸಂಗಿಲ್ಲ ಅಂತ ಹೇಳಿದ ಮ್ಯಾಲೇ ದೋಣಿ ಹೇರಾಕ ಬಿಡತೀನಿ." ಅಷ್ಟೇ ಅಂದ. ಬೈದಿದ್ರ ಚಲೋ ಇತ್ತು.

ಬುಧವಾರ, ಗುರುವಾರ ಎರಡು ದಿನ ನಾವು ಆ ಮಡುವಿನ ದಂಡಿಗೇ ಕೂತ್ವಿ. ಮಾಡಾಕ ಕೆಲಸಿಲ್ಲ, ಕಾಯೂದೇ ಕೆಲಸ. ನಾ ಹೊಳಿ ನೋಡೂದು, ದೋಣಿ ನೋಡೂದು. ಡ್ಯಾಮಿನಿಂದ ಇನ್ನಷ್ಟು ನೀರು ಬಿಡತಾರಂತ ಸುದ್ದಿ, ಇಲ್ಲ ಬಿಡಂಗಿಲ್ಲಂತ ಇನ್ನೊಂದು ಸುದ್ದಿ. ರೇಣುಕಾ ತಾಸಿಗೊಮ್ಮೆ ಫೋನ್ ಮಾಡತಿದ್ಲು, ನಿತಾಯಿ ಬಂದ ಸುದ್ದಿ ಅಪ್ಪಗೂ ಮುಟ್ಟಿಸಿದ್ಲು. ನಾ ಫೋನಿನ್ಯಾಗೇ ಲೆಕ್ಕ ಕೊಡತಿದ್ದೆ, ಆಕಿ ಬಿಡಸತಿದ್ಲು. ಬುಧವಾರ ಸಂಜಿಕ ಆಕಿ ಫೋನಿನ ಚಾರ್ಜು ಮುಗೀತು. ಗಡ್ಡಿಗೆ ಕರೆಂಟಿರಲಿಲ್ಲ. ಅಲ್ಲಿಂದ ಆಕಿ ಏನ್ ಮಾಡಾಕತ್ಯಾಳೋ ನನಗ ಗೊತ್ತಾಗದಂಗಾತು.

ಆ ಎರಡು ದಿನ ನಿತಾಯಿ ತನ್ನ ದೋಣಿಗಳ ಕಥಿ ಹೇಳಿದ. ಅವರ ಊರು ಆ ಕಡಿ ಪೂರ್ವ ಬಂಗಾಲದಾಗ. ಮಳಿಗಾಲದಾಗ ಬಾಜೂ ಮನಿಗೆ ಬೆಂಕಿಪೊಟ್ಟಣ ಇಸಕೊಳ್ಳಾಕೂ ದೋಣಿ ಮ್ಯಾಲೇ ಹೋಗಬೇಕಂತ. ಅವರಪ್ಪ ದೋಣಿ ಕಟ್ಟಾಂವ. ಗಲಾಟಿ ಆಗಿ, ಎಲ್ಲಾ ಬಿಟ್ಟು ಓಡಿಬಂದು, ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪು ತಿರುಗಿ, ಕಡೀಕ ಸಿಂಧನೂರಿನ್ಯಾಗ ಇಳಿಸಿದ್ರಂತ. "ರೈಲು, ಲಾರಿ, ಆಮ್ಯಾಲ ಕರಿ ಮಣ್ಣು. ನಮ್ಮಪ್ಪ ಇಳಿದವನೇ ಅತ್ತ. ನೀರಿಲ್ಲದ ನಾಡಿಗೆ ತಂದು ಹಾಕ್ಯಾರ, ನನ್ನ ಕೈಗೆ ಇನ್ನ ಕೆಲಸಿಲ್ಲ ಅಂತ. ಅಷ್ಟರಾಗ ಜಾಲಿ ಗಿಡ ಕಂಡಿತು. ನಮ್ಮ ಕಡಿನೂ ಅದರಲೆ ದೋಣಿ ಮಾಡತಾರ. ಗುರುತಿನ ಮಾರಿ ಅಂದ್ರ ಅದೊಂದೇ." ಸಿಂಧನೂರಿನ ಕಮ್ಮಾರಗ ಭಾಷಾ ಬರಲಿಲ್ಲ, ಅಪ್ಪ ಮಣ್ಣಾಗ ಗೆರಿ ಎಳದು ಕೊಂಡಿ ಹ್ಯಾಂಗ ಬಡೀಬೇಕಂತ ತೋರಿಸಿದನಂತ. ಮೊದಲನೇ ದೋಣಿ ಬಂಡ್ಯಾಗ ಹೇರಿಕೊಂಡು ತುಂಗಭದ್ರಾಕ್ಕ ಒಯ್ದಾಗ ನಮ್ಮ ಅಂಬಿಗರು ಸೇರಿ ಬಿದ್ದುಬಿದ್ದು ನಕ್ಕರಂತ: "ದನದ ಗ್ವಾದಲಿ ಹೊಳಿಗೆ ತಂದಾನ ನೋಡ್ರೋ!" ನಾನೂ ನಕ್ಕೆ. ನಮ್ಮವರು ಹಂಗ ಅಂದೇ ಅಂದಿರತಾರ.

"ಮೊದಲ ಗಿರಾಕಿ ಹ್ಯಾಂಗ ಸಿಕ್ಕ?" ಅಂತ ಕೇಳಿದೆ.

ನಿತಾಯಿ ಬೀಡಿ ಆರಿಸಿದ. "ನನ್ನ ತಪ್ಪಿನಿಂದ. ಒಬ್ಬ ಅಂಬಿಗ ಲಗ್ನಕ್ಕ ಹೊಂಟವ, ತನ್ನ ಹರಗೋಲು ನೋಡಿಕೋ ಅಂತ ನನಗ ಬಿಟ್ಟು ಹ್ವಾದ. ನನಗಾಗ ಹದಿನಾರು. ಬ್ಯಾಸಗಿ, ಪಾಪ ಒಣಗತೈತಿ ಅಂತ ಹೇಳಿ ಕಲ್ಲು ಹಾಕಿ ನೀರಾಗ ಮುಳುಗಿಸಿಟ್ಟೆ. ಆಗಿನದು ಚರ್ಮದ ಹರಗೋಲು. ಅವ ಬರೂದರಾಗ ಕೊಳತು ನಾರಾಕತ್ತಿತ್ತು. ನಾ ಗಪ್ಪಿದ್ದೆ, ಕಳ್ಳರು ಮಾಡ್ಯಾರ ಅಂತ ಅವ ತಿಳಕೊಂಡಿದ್ದ. ನಮ್ಮಪ್ಪ ನನ್ನ ಕಿವಿ ಹಿಡದು ಅವನ ಮನಿ ಬಾಗಲಕ್ಕ ನಡಿಸಿಕೊಂಡು ಹೋಗಿ ಹೇಳಿಸಿದ. ಆಮ್ಯಾಲ ಅವಗ ತಾನೇ ಒಂದು ದೋಣಿ ಕಟ್ಟಿಕೊಟ್ಟ. ಅದನ್ನ ನೋಡಿ ಇನ್ನೊಬ್ಬ ಕೇಳಿದ, ಮತ್ತೊಬ್ಬ ಕೇಳಿದ. ತುಂಗಭದ್ರಾ, ಕೃಷ್ಣಾ, ಮಸ್ಕಿ ಕಡಿ ಕೆರಿ, ಎಲ್ಲಾ ಕಡಿ ಹ್ವಾದವು. ಈಗ ಫೈಬರ್ ಬಂದೈತಿ. ನನ್ನ ಕೈಲೆ ಇನ್ನ ಒಂದೋ ಎರಡೋ."

ಅವ ನಕ್ಕೊಂತ ಹೇಳಿ ಮುಗಿಸಿದ. ನನ್ನ ತಪ್ಪು ಹೇಳಾಕ ಅದಕ್ಕಿಂತ ಒಳ್ಳೆ ಹೊತ್ತು ಯಾವುದಿತ್ತು? ಅಂಥಾದ್ದೇ ತಪ್ಪು, ಉಲ್ಟಾ ಮಾಡಿದಾಕಿ ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಅವ ಸಿಟ್ಟಿಗೆದ್ದು ಚೀಲ ತಗೊಂಡು ಹೋಗಿಬಿಟ್ರ ಹುಡುಗಿ ಗತಿ ಏನು ಅಂತ ನನಗ ನಾನೇ ಕಾರಣ ಹೇಳಿಕೊಂಡೆ. ಸುಳ್ಳು. ಊರ ಮಂದಿ ಮುಂದ ಅಂಬಿಗರಾಕಿ ಅನ್ನೋ ಜಂಬ ಇಳಿಯೂದು ನನಗ ಬ್ಯಾಡಾಗಿತ್ತು.

ಶುಕ್ರವಾರ ಬೆಳಕು ಹರದ ಕೂಡಲೇ ಕಲ್ಲು ತಗದು ನೀರು ಚೆಲ್ಲಿದ್ವಿ. ದೋಣಿ ತೇಲಿತು. ಸಂದಿ ಮುಕ್ಕಾಲು ಕೂಡಿದ್ವು. ತಳದಾಗ ಎರಡು ಕಡಿ ಇನ್ನೂ ಒಸರಾಕತ್ತಿತ್ತು. ನಿತಾಯಿ ಅಲ್ಲಿ ಮಾತ್ರ ನಾರು ಸಡಿಲಾಗಿ ಒತ್ತಿ, ಮ್ಯಾಲ ಕಾದ ಡಾಂಬರು ಬಳಿದು, ಹೊಳಿ ನೋಡಿದ. ನೀರು ಒಂದು ಗೇಣು ಇಳಿದಿತ್ತು. "ಹೋಗಬಹುದು. ಒಬ್ಬರು ಮಾತ್ರ ಬರ್ರಿ, ನೀರು ಎತ್ತಾಕ. ಕೈ ನಿಂತ್ರ ಎಲ್ಲಾರೂ ಮುಳುಗತೀವಿ" ಅಂದ. ನಾ ಸೆರಗು ಕಟ್ಟಿ ಹತ್ತಿದೆ. ಯಾರೋ ಹಿಂದಿನಿಂದ, "ಅಕ್ಕೋರ, ಒಂದು ಪೇಪರಿಗೆ ಜೀವ ಕಳಕೋತೀರೇನ್ರೀ" ಅಂತ ಒದರಿದ್ರು. ಆ ಮಾತು ನನಗ ಇಡೀ ದಾರಿ ಕೇಳಾಕತ್ತಿತ್ತು.

ನಿತಾಯಿ ದೋಣಿ ಹಳ್ಳದಿಂದ ಹೊಳಿಗೆ ತಂದು, ದಂಡಿ ಹಿಡಕೊಂಡು ಬಾಳ ದೂರ ಮ್ಯಾಲಕ ಹ್ವಾದ, ಆಮ್ಯಾಲ ದೋಣಿ ಮೂಗು ಸೆಳವಿಗೆ ಎದುರು ಮಾಡಿ ಓರಿಯಾಗಿ ಬಿಟ್ಟ. ಹುಟ್ಟು ಹಾಕೋ ಆ ಮುದುಕನ ಕೈಯಾಗ ಅಷ್ಟು ಬಲ ಎಲ್ಲಿತ್ತೋ. ನಾ ಡಬ್ಬಿಲೆ ಎತ್ತಿ ಎತ್ತಿ ಚೆಲ್ಲಿದೆ. ಗಡ್ಡಿ ಮುಟ್ಟಿದಾಗ ರೇಣುಕಾ ಯೂನಿಫಾರ್ಮ್ ಹಾಕಿಕೊಂಡು, ಪೆನ್ನು ಪ್ಲಾಸ್ಟಿಕ್ ಚೀಲದಾಗ ಕಟ್ಟಿಕೊಂಡು ನಿಂತಿದ್ಲು. ಹುಲಿಗೆವ್ವ ಮಗಳ ಕೈ ಬಿಡವಲ್ಲಳು. ನಿತಾಯಿ ಮಾರಿ ನೋಡಿದ್ಲು, ಹೊಳಿ ನೋಡಿದ್ಲು, ಕಡೀಕ ಬಿಟ್ಲು.

ಬರೂವಾಗ ಭಾರ ಹೆಚ್ಚಾತು, ಒಸರೂದೂ ಹೆಚ್ಚಾತು. ರೇಣುಕಾನೂ ಒಂದು ತಾಟು ತಗೊಂಡು ಎತ್ತಾಕ ಹತ್ತಿದ್ಲು. ನಡುಹೊಳ್ಯಾಗ ಒಂದು ಗಿಡದ ಬೊಡ್ಡಿ ತೇಲಿಬಂದು ಬಡದು, ದೋಣಿ ಅರ್ಧ ಸುತ್ತಿತು. ನೀರು ನಮ್ಮ ಹಿಮ್ಮಡಿ ಮುಳುಗೂವಷ್ಟು ಬಂತು. ನಿತಾಯಿ ಹಲ್ಲು ಕಚ್ಚಿ ಹುಟ್ಟು ಎಳದು ಮೂಗು ತಿರುಗಿಸಿದ. ಆ ಸಿಟ್ಟು, ಆ ಅಂಜಿಕಿ ಎಲ್ಲಾ ಕೂಡಿ ಅವನ ಬಾಯಿಗೆ ಬಂತು: "ನಿಮ್ಮಪ್ಪ ಮಾಡಿದ್ದು ಇದು! ಮಾತು ಕೊಟ್ಟು ತಪ್ಪಿದ. ಅವಗ ಹೇಳು, ಇನ್ನ ನನ್ನ ಕ್ಯಾಂಪಿಗೆ ಕಾಲಿಡಬ್ಯಾಡಂತ!"

ರೇಣುಕಾಳ ಕೈ ನಿಂತುಬಿಡ್ತು. ನನ್ನ ಮಾರಿ ನೋಡಿದ್ಲು. ಹಗ್ಗ ಜಗ್ಗಿದ ಕೈ ಆಕಿದು, ಬ್ಯಾಡಂದ ಬಾಯಿನೂ ಆಕಿದು. ಒಂದು ಮಾತು ಅಂದಿದ್ರ ಮುಗೀತಿತ್ತು, ಆಕಿ ಅನ್ನಲಿಲ್ಲ. ನಾ ದೋಣ್ಯಾಗಿನ ನೀರು ನೋಡಿದೆ.

"ಎತ್ರಿ, ಎತ್ರಿ!" ಅಂತ ನಿತಾಯಿ ಚೀರಿದ. ಇಬ್ಬರೂ ಮತ್ತ ಎತ್ತಿದ್ವಿ.

ದಂಡಿ ಮುಟ್ಟಿದ್ವಿ. ಬೈಕಿನ ಮ್ಯಾಲ ಒಯ್ದು, ಗಂಟಿ ಹೊಡೆಯೋ ಹೊತ್ತಿಗೆ ಒದ್ದಿ ಯೂನಿಫಾರ್ಮಿನ್ಯಾಗೇ ಆಕಿನ್ನ ಹಾಲಿಗೆ ಬಿಟ್ಟೆ. ಮೂರು ತಾಸು ಗೇಟಿನ ಹೊರಗ ಒಂದು ಕಡಿ ಕೂಡಲಿಲ್ಲ, ನಿಲ್ಲಲಿಲ್ಲ. ಹೊರಗ ಬಂದ್ಲು. "ಹ್ಯಾಂಗಾತು?" ಅಂದೆ. "ಚಲೋ ಆತ್ರಿ. ಎಲ್ಲಾ ಬರದೀನಿ" ಅಂದ್ಲು. ಪಾಸೂ ಆದ್ಲು, ಈಗ ನರ್ಸಿಂಗ್ ಓದಾಕತ್ಯಾಳ. ಆದ್ರ ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ಕೊಡಿಸಿದ ಮಿರ್ಚಿ ಹಂಗೇ ಕೈಯಾಗ ಹಿಡಕೊಂಡು ಕೂತ್ಲು.

"ತಿನ್ನಬೇ, ಮುಂಜಾನಿಂದ ಹೊಟ್ಟಿಗಿಲ್ಲ."

"ಅಕ್ಕೋರ," ಅಂದ್ಲು. ದನಿ ಸಣ್ಣದಿತ್ತು, ನಡುಗಲಿಲ್ಲ. "ಆ ಅಜ್ಜಗ ನಾ ಹೇಳಬೇಕೋ, ನೀವು ಹೇಳತೀರೋ?"

ನನಗ ಇಪ್ಪತ್ತು ವರ್ಷ ಸರ್ವಿಸು. ಅಷ್ಟು ಸರಳ ಪ್ರಶ್ನಿ ನನಗ ಯಾವ ಹುಡುಗರೂ ಕೇಳಿರಲಿಲ್ಲ. "ನಾನೇ ಹೇಳತೀನಿ" ಅಂದೆ.

ಅವ್ವ ಒಬ್ಬಾಕೇ ಅದಾಳಂತ ಆಕಿಗೆ ಅವತ್ತೇ ಗಡ್ಡಿಗೆ ಹೋಗಬೇಕಿತ್ತು. ನೀರೂ ಇನ್ನೊಂದು ಗೇಣು ಇಳಿದಿತ್ತು. ನಿತಾಯಿ ದಂಡಿ ಮ್ಯಾಲ ಕಾಯಾಕತ್ತಿದ್ದ. ಸುತ್ತ ಮಂದಿನೂ ಇದ್ರು. ನಾ ಹೇಳಿದೆ: "ದೋಣಿ ಬಿಸಲಿಗೆ ಹಾಕಿದಾಕಿ ನಾನು. ಅಮರಪ್ಪ ಮುಳುಗಿಸೇ ಹೋಗಿದ್ದ. ಹುಡುಗಿ ಬ್ಯಾಡಂದ್ರೂ ಜಗ್ಗಿಸಿದೆ. ನಿಮಗ ಸುಳ್ಳು ಹೇಳಿದೆ."

ನಿತಾಯಿ ಎದ್ದು ನಿಂತ. "ನನಗ ಹೇಳಿದ್ರ ಏನಾತು? ಹೆಸರು ಕೆಟ್ಟಿದ್ದು ಅಮರಂದು" ಅಂದ. ಜೇಬಿನಿಂದ ಫೋನ್ ತಗದು, ನಂಬರು ಒತ್ತಿ, ನನ್ನ ಕೈಯಾಗಿಟ್ಟ.

"ನಿತಾಯಣ್ಣಾ! ನನ್ನ ಮಗಳು ದಾಟಿದ್ಲೇನು?" ಅಂತ ಅಮರಪ್ಪನ ದನಿ. ಹಿಂದ ಕಾಂಕ್ರೀಟು ಕಲಸೋ ಮಷಿನ್ನಿನ ಸಪ್ಪಳ. ನಾ ಅಕ್ಕೋರು ಅಂತ ಹೇಳಿ, ಎಲ್ಲಾ ಹೇಳಿದೆ. ಅವ ಮೆಲ್ಲಕ ಅಂದ: "ಅಕ್ಕೋರ, ಫೋನ್ ನಿತಾಯಣ್ಣಗ ಕೊಡ್ರಿ."

ನಿತಾಯಿ ಕಿವಿಗೆ ಹಚ್ಚಿಕೊಂಡು ಆ ಕಡಿ ತಿರುಗಿದ. "ಹೂಂ, ಅಮರ. ನಾ ನಿನ್ನ ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಮಗಳ ಮುಂದ ಬೈದೆ. ಬಾ, ಊರಿಗೆ ಬಂದ ಕೂಡಲೇ ಕ್ಯಾಂಪಿಗೆ ಬಾ" ಅಂದ. ಕಣ್ಣು ಒರಸಿಕೊಂಡು ಫೋನ್ ರೇಣುಕಾಗ ಕೊಟ್ಟ. ಆಕಿ, "ಅಪ್ಪಾ, ಎಲ್ಲಾ ಬರದೀನಿ" ಅಂದ್ಲು, ನಕ್ಕಳು, ಮತ್ತ ನಿತಾಯಿಗೇ ಕೊಟ್ಲು. ಅವ ಜೇಬಿಗೆ ಹಾಕಿಕೊಂಡ. ನನ್ನ ಜೊತಿ ಮಾತಾಡಬೇಕಂತ ಅಮರಪ್ಪ ಹೇಳಿರಲಿಲ್ಲ.

ಮೂವರೂ ದೋಣಿ ಹತ್ತಿದ್ವಿ. ನಡುಹೊಳ್ಯಾಗ ರೇಣುಕಾ ಮುಂಜಾನಿ ಮಾಡಿದಂಗ ತಾಟು ತಗೊಂಡು ನನ್ನ ಬಾಜೂಕ ಬಂದು ಬಗ್ಗಿದ್ಲು.

"ನೀ ಕೂಡು, ಮಗಾ" ಅಂದ ನಿತಾಯಿ ಹುಟ್ಟು ಹಾಕಿಕೊಂತ. "ಅವರು ಎತ್ತತಾರ."

ನಾ ಎತ್ತಿದೆ.